ಆಪಲ್–ಗೇರುಬೀಜದ ಬ್ಲಾಂಡಿ, ಮೇಲೆ ಮೇಪಲ್ ಗ್ಲೇಜ್: ಕರಾವಳಿಯ ತೇವದಲ್ಲಿ ನೀರಿನ ಲೆಕ್ಕ

ಮಂಗಳೂರಿನ ಜುಲೈಯಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ. ಅಂಥ ಅಡುಗೆಮನೆಯಲ್ಲಿ ಆಪಲ್ ಬ್ಲಾಂಡಿ ಮಾಡುವಾಗ ಅರ್ಧ ಕೆಲಸ ನೀರನ್ನು ಹೊರಗೆ ಹಾಕುವುದೇ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರು, ಆಪಲ್‌ನಲ್ಲಿ 85ರ ಹತ್ತಿರ, ಮೇಪಲ್ ಸಿರಪ್‌ನಲ್ಲಿ ಮೂರರಲ್ಲಿ ಒಂದು ಪಾಲು. ಇದೆಲ್ಲ ಹಾಗೆಯೇ ಟಿನ್ನಿನೊಳಗೆ ಹೋದರೆ ಹೊರಗೆ ಬರುವುದು ಹಸಿಹಸಿಯಾದ ಆಪಲ್ ಕೇಕು, ಬ್ಲಾಂಡಿ ಅಲ್ಲ. ಬ್ಲಾಂಡಿ ಕೊಕೊ ಹಾಕದ ಬ್ರೌನಿ. ಅದು ಕೇಕಿನಂತೆ ಉಬ್ಬಬಾರದು. ಅಂಚು ಜಗಿಯುವಂತೆ, ನಡು ಒತ್ತಾಗಿ ಮೆತ್ತಗೆ, ಮೇಲ್ಪದರ ಕಾಗದದಷ್ಟು ತೆಳುವಾಗಿ ಬಿರಿದಿರಬೇಕು.

8 ಇಂಚಿನ ಚೌಕ ಟಿನ್ನಿಗೆ ನನ್ನ ಲೆಕ್ಕ ಹೀಗೆ: ಉಪ್ಪಿಲ್ಲದ ಬೆಣ್ಣೆ 150 ಗ್ರಾಂ, ಬ್ರೌನ್ ಶುಗರ್ 200 ಗ್ರಾಂ, ಒಂದು ಇಡೀ ಮೊಟ್ಟೆ ಮತ್ತು ಇನ್ನೊಂದರ ಹಳದಿ ಮಾತ್ರ, ಮೈದಾ 190 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಮಚ, ಉಪ್ಪು ಅರ್ಧ ಚಮಚ, ದಾಲ್ಚಿನ್ನಿ ಪುಡಿ ಮುಕ್ಕಾಲು ಚಮಚ, ವೆನಿಲಾ ಒಂದು ಚಮಚ, ಸಿಪ್ಪೆ ಮತ್ತು ಬೀಜ ತೆಗೆದ ಆಪಲ್ ಹೋಳು 250 ಗ್ರಾಂ, ಗೇರುಬೀಜ 60 ಗ್ರಾಂ, ಅಕ್ರೋಟು 40 ಗ್ರಾಂ. ಗ್ಲೇಜಿಗೆ, ಅಂದರೆ ಮೇಲೆ ಸುರಿಯುವ ಸಿಹಿ ಲೇಪಕ್ಕೆ, ಮೇಪಲ್ ಸಿರಪ್ 80 ಮಿಲಿ, ಬೆಣ್ಣೆ 30 ಗ್ರಾಂ, ಐಸಿಂಗ್ ಶುಗರ್ 75 ಗ್ರಾಂ, ಚಿಟಿಕೆ ಉಪ್ಪು. ಚಮಚವೆಂದರೆ 5 ಮಿಲಿಯ ಅಳತೆ ಚಮಚ. ಮೈದಾವನ್ನು ಕಪ್ಪಿನಲ್ಲಿ ಅಳೆಯಬೇಡಿ. ಸಡಿಲವಾಗಿ ತುಂಬಿದ ಕಪ್ಪಿನಲ್ಲಿ 120 ಗ್ರಾಂ ಹಿಡಿದರೆ, ಅದುಮಿ ತುಂಬಿದ ಅದೇ ಕಪ್ಪಿನಲ್ಲಿ 150 ಹಿಡಿಯುತ್ತದೆ. ಆ 30 ಗ್ರಾಂ ಸಾಕು, ಬ್ಲಾಂಡಿ ಒಣ ರಸ್ಕ್ ಆಗಲು. ತಕ್ಕಡಿ ಇಲ್ಲದಿದ್ದರೆ ಮೊದಲು ತಕ್ಕಡಿ ತನ್ನಿ, ಮೇಪಲ್ ಸಿರಪ್ ಆಮೇಲೆ.

ಮೊದಲ ಕೆಲಸ ಬೆಣ್ಣೆ. ಬರೀ ಕರಗಿಸಿದರೆ ಸಾಲದು, ಕಂದು ಬಣ್ಣಕ್ಕೆ ತರಬೇಕು. ಮನೆಯಲ್ಲಿ ತುಪ್ಪ ಕಾಯಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಧ್ಯಮ ಉರಿಯಲ್ಲಿ ಮೊದಲು ಚಟಪಟ ಸದ್ದು. ಅದು ನೀರು ಹೋಗುವ ಸದ್ದು. ಸದ್ದು ಇಳಿದು ನೊರೆ ಏಳುತ್ತಿದ್ದಂತೆ ತಳದ ಗಸಿ ಹೊಂಬಣ್ಣಕ್ಕೆ ತಿರುಗುತ್ತದೆ. ಅಲ್ಲಿಂದ ಕರಿಯಾಗಲು ಅರ್ಧ ನಿಮಿಷವೂ ಬೇಡ. ತಳ ಕಾಣುವ ಸ್ಟೀಲ್ ಪಾತ್ರೆ ಒಳ್ಳೆಯದು, ಕರಿ ನಾನ್‌ಸ್ಟಿಕ್‌ನಲ್ಲಿ ಬಣ್ಣ ತಿಳಿಯುವುದಿಲ್ಲ. ತುಪ್ಪವಾದರೆ ಸೋಸುತ್ತೇವೆ, ಇಲ್ಲಿ ಸೋಸಬಾರದು. ಪರಿಮಳ ಇರುವುದೇ ಆ ಗಸಿಯಲ್ಲಿ. 150 ಗ್ರಾಂ ಬೆಣ್ಣೆ ಈಗ 125 ಗ್ರಾಂ ಆಸುಪಾಸಿಗೆ ಇಳಿದಿರುತ್ತದೆ. ಉಪ್ಪು ಬೆಣ್ಣೆ ಮಾತ್ರ ಸಿಕ್ಕಿದರೆ ಹಿಟ್ಟಿಗೆ ಬೇರೆ ಉಪ್ಪು ಹಾಕಬೇಡಿ. ಅಷ್ಟು ಬೆಣ್ಣೆಯಲ್ಲೇ ಸುಮಾರು 3 ಗ್ರಾಂ ಉಪ್ಪಿರುತ್ತದೆ, ಅರ್ಧ ಚಮಚವೆಂದರೆ ಅಷ್ಟೇ. ಬೆಣ್ಣೆಯ ಬದಲಿಗೆ ತುಪ್ಪವನ್ನೇ ಹಾಕಿದರಾಗದೇ ಎಂದು ಕೇಳುವವರುಂಟು. ಆಗುತ್ತದೆ, ಆದರೆ ತುಪ್ಪದ ವಾಸನೆ ಮೇಪಲ್ಲನ್ನು ಪೂರ್ತಿ ನುಂಗಿಬಿಡುತ್ತದೆ.

ಆಪಲ್ ಆರಿಸುವುದರಲ್ಲೇ ಹೆಚ್ಚಿನವರು ಸೋಲುವುದು. ಆಗಸ್ಟ್‌ನಿಂದ ಹಿಮಾಚಲ, ಕಾಶ್ಮೀರದ ಕೆಂಪು ಆಪಲ್ ರಾಶಿ ಬೀಳುತ್ತದೆ, ಅಗ್ಗವೂ ಹೌದು. ಆದರೆ ಗಾಢ ಕೆಂಪಿನ ಡೆಲಿಶಿಯಸ್ ಜಾತಿ ಬಿಸಿ ತಾಗಿದ ಕೂಡಲೇ ಹಿಟ್ಟುಹಿಟ್ಟಾಗಿ ಕರಗುತ್ತದೆ, ಹುಳಿಯೂ ಕಡಿಮೆ. ಬ್ರೌನ್ ಶುಗರ್, ಮೇಪಲ್ ಎರಡೂ ಸಿಹಿ. ನಡುವೆ ಹುಳಿ ಇಲ್ಲದಿದ್ದರೆ ಎರಡನೇ ತುಂಡಿಗೆ ಕೈ ಹೋಗುವುದಿಲ್ಲ. ಹಸಿರು ಗ್ರ್ಯಾನಿ ಸ್ಮಿತ್ ಸಿಕ್ಕಿದರೆ ಅದೇ ಸರಿ. ಇಲ್ಲದಿದ್ದರೆ ಗಟ್ಟಿ ಗಾಲಾ ಅಥವಾ ಫ್ಯೂಜಿ ತಂದು, ಹೋಳುಗಳಿಗೆ ಒಂದು ಚಮಚ ಲಿಂಬೆರಸ ಹಾಕಿ. ಬೆರಳಿನಿಂದ ಒತ್ತಿದರೆ ತಗ್ಗುವ ಹಣ್ಣು ಬೇಡ.

ಹೋಳು 1 ಸೆಂಟಿಮೀಟರ್ ಚೌಕ ಇರಲಿ. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಹಿಟ್ಟು ಬೇಯದೆ ಉಳಿಯುತ್ತದೆ, ತುರಿದರೆ ನೀರೆಲ್ಲ ಒಮ್ಮೆಗೇ ಬಿಡುತ್ತದೆ. ಅಗಲ ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಜೋರು ಉರಿಯಲ್ಲಿ 5–6 ನಿಮಿಷ ಬಾಡಿಸಿ. ಮುಚ್ಚಳ ಮುಚ್ಚಬೇಡಿ, ಮುಚ್ಚಿದರೆ ಬೆಂದು ಮುದ್ದೆಯಾಗುತ್ತದೆ. ಅಂಚು ಪಾರದರ್ಶಕವಾಗಿ, ನಡು ಇನ್ನೂ ಗಟ್ಟಿ ಇರುವಾಗ ಇಳಿಸಿ. ಈಗ ತೂಗಿದರೆ 250 ಗ್ರಾಂ ಹೋಳು 170–180ಕ್ಕೆ ಇಳಿದಿರಬೇಕು. 200ಕ್ಕಿಂತ ಹೆಚ್ಚಿದ್ದರೆ ಇನ್ನೊಂದು ನಿಮಿಷ. ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಬಿಡಿ, ತಟ್ಟೆಯಲ್ಲಿ ನಿಂತ ರಸವನ್ನು ಹಿಟ್ಟಿಗೆ ಸುರಿಯಬೇಡಿ. ನಾಲಗೆಗೆ ಅದು ಎಷ್ಟೇ ರುಚಿಯಾದರೂ ಸರಿ, ಕುಡಿದುಬಿಡಿ.

ಬೀಜಗಳ ವಿಷಯ. ಇದಕ್ಕೆ ವಾಡಿಕೆ ಅಕ್ರೋಟು ಅಥವಾ ಪೀಕಾನ್. ಮಂಗಳೂರಲ್ಲಿ ಕೂತು ಗೇರುಬೀಜ ಬಿಡುವುದುಂಟೇ. ಇಡೀ ಬೀಜಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಡಬ್ಬಿಯ ಮೇಲಿನ 320, 240, 180 ಎಂಬ ಅಂಕೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಎಷ್ಟು ಬೀಜ ಬರುತ್ತದೆಂಬ ಲೆಕ್ಕ. ಅಂಕೆ ಇಳಿದಂತೆ ಬೀಜ ದಪ್ಪ, ಬೆಲೆಯೂ ಏರು. ಕತ್ತರಿಸಿಯೇ ಹಾಕುವ ನಮಗೆ ದೊಡ್ಡ ತುಂಡಿನ ದರ್ಜೆಯೇ ಸಾಕು. ಗೇರುಬೀಜದಲ್ಲಿ ಪಿಷ್ಟ ಹೆಚ್ಚು, ತೇವ ಕುಡಿದು ಬೇಗ ಮೆತ್ತಗಾಗುತ್ತದೆ. ಹಾಗಾಗಿ 160 ಡಿಗ್ರಿಯಲ್ಲಿ 8–10 ನಿಮಿಷ ಹುರಿದು, ಪಾಯಸಕ್ಕೆ ಹುರಿಯುವುದಕ್ಕಿಂತ ಒಂದು ಹಂತ ಮುಂದೆ, ಗಾಢ ಹೊಂಬಣ್ಣಕ್ಕೆ ತನ್ನಿ. ಕಾಳುಮೆಣಸಿನಷ್ಟು ಚಿಕ್ಕದು ಬೇಡ, ಒಂದು ಬೀಜಕ್ಕೆ ಮೂರು ನಾಲ್ಕು ತುಂಡು ಸಾಕು. ಅಕ್ರೋಟು ಸೇರಿಸುವುದು ಅದರ ಸಣ್ಣ ಕಹಿಗಾಗಿ. ಗೇರುಬೀಜ ಒಂದೇ ಆದರೆ ಎಲ್ಲವೂ ಸಿಹಿಸಿಹಿ. ಆದರೆ ಅಕ್ರೋಟಿನ ಎಣ್ಣೆ ನಮ್ಮ ಸೆಖೆಗೆ ಬಹುಬೇಗ ಕೆಡುತ್ತದೆ. ಹಾಕುವ ಮುಂಚೆ ಒಂದು ಜಗಿದು ನೋಡಿ. ಹಳೇ ಎಣ್ಣೆಯ ಕಮಟು ಬಂದರೆ ಹುರಿದರೂ ಹೋಗದು. ತಂದ ದಿನವೇ ಫ್ರಿಜ್ಜಿಗೆ ಸೇರಿಸುವುದು ಒಳ್ಳೆಯದು.

ಬ್ರೌನ್ ಶುಗರ್ ಎಂದು ಅಂಗಡಿಯಲ್ಲಿ ಕೊಡುವುದು ಬಹಳ ಸಲ ಒಣ, ದಪ್ಪ ಹರಳಿನ ಸಕ್ಕರೆ. ನಮಗೆ ಬೇಕಾದದ್ದು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವ ಒದ್ದೆ ಸಕ್ಕರೆ. ಅದು ಸಿಗದಿದ್ದರೆ 185 ಗ್ರಾಂ ಬಿಳಿ ಸಕ್ಕರೆಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ, 15–20 ಗ್ರಾಂ ಜೋನಿ ಬೆಲ್ಲವನ್ನು ಕೈಯಲ್ಲೇ ಚೆನ್ನಾಗಿ ತಿಕ್ಕಿ ಬೆರೆಸಿ. ಪೂರ್ತಿ ಜೋನಿ ಬೆಲ್ಲದಲ್ಲೇ ಮಾಡಬಹುದಲ್ಲ ಎನ್ನಬೇಡಿ, ಅದರ ನೀರಿಗೆ ಬ್ಲಾಂಡಿ ಹಲ್ವದಂತೆ ಕೂರುತ್ತದೆ.

ಕಲಸುವುದು ಸುಲಭದ ಭಾಗ. ಬೆಣ್ಣೆ ಉಗುರುಬೆಚ್ಚಗಾದಾಗ, ಸುಮಾರು 40–45 ಡಿಗ್ರಿಯಲ್ಲಿ, ಸಕ್ಕರೆ ಹಾಕಿ ಕದಡಿ. ಆಮೇಲೆ ಮೊಟ್ಟೆ, ಹಳದಿ, ವೆನಿಲಾ ಹಾಕಿ ಕೈವಿಸ್ಕ್‌ನಲ್ಲಿ ಒಂದು ನಿಮಿಷ ಕಡೆಯಿರಿ. ಮಿಶ್ರಣ ಹೊಳೆಯತೊಡಗಿದರೆ ಸಕ್ಕರೆ ಕರಗತೊಡಗಿದೆ ಎಂದರ್ಥ. ಮೇಲ್ಪದರ ಬಿರಿಯುವುದು ಇದರಿಂದ. ಬೆಣ್ಣೆ ಇದಕ್ಕಿಂತ ಬಿಸಿಯಾಗಿದ್ದರೆ ಮೊಟ್ಟೆ ಗಂಟು ಕಟ್ಟುತ್ತದೆ. ಬೀಟರ್ ಹಚ್ಚಬೇಡಿ, ಒಳಗೆ ಗಾಳಿ ಸೇರಿದರೆ ಉಬ್ಬಿ ಕೇಕಾಗುತ್ತದೆ, ಆರುವಾಗ ನಡು ಕುಸಿಯುತ್ತದೆ. ಬೇಕಿಂಗ್ ಪೌಡರ್ ಇನ್ನು ಅರ್ಧ ಚಮಚ ಹೆಚ್ಚಾದರೂ ಅದೇ ಗತಿ. ಜರಡಿ ಹಿಡಿದ ಮೈದಾ, ಬೇಕಿಂಗ್ ಪೌಡರ್, ಉಪ್ಪು, ದಾಲ್ಚಿನ್ನಿ ಹಾಕಿ ಸೌಟಿನಲ್ಲಿ ಮಗುಚಿ. ಬಿಳಿ ಗೆರೆ ಅಲ್ಲಲ್ಲಿ ಇರುವಾಗಲೇ ಆಪಲ್, ಮುಕ್ಕಾಲು ಪಾಲು ಬೀಜ ಹಾಕಿ ಮುಗಿಸಿ. ಉಳಿದ ಬೀಜ ಮೇಲೆ ಉದುರಿಸಲು. ಹಿಟ್ಟು ಬನ್ಸ್ ಹಿಟ್ಟಿಗಿಂತ ತುಸು ತೆಳ್ಳಗೆ, ಸೌಟಿನಿಂದ ಹರಿಯದೆ ಮುದ್ದೆಯಾಗಿ ಬೀಳಬೇಕು. ಹರಿದರೆ ಆಪಲ್ ಸಾಕಷ್ಟು ಬಾಡಿಲ್ಲ.

ಟಿನ್ ಅಲ್ಯೂಮಿನಿಯಮ್ಮಿನದಿರಲಿ. ಗಾಜಿನ ಪಾತ್ರೆ ನಿಧಾನ ಕಾಯುತ್ತದೆ, ಹೊರ ತೆಗೆದ ಮೇಲೂ ಬೇಯಿಸುತ್ತಲೇ ಇರುತ್ತದೆ, ನಡು ಸರಿಯಾಗುವಷ್ಟರಲ್ಲಿ ಅಂಚು ಕಲ್ಲು. ಬಟರ್ ಪೇಪರ್ ಎರಡು ಬದಿ ಟಿನ್ನಿನಿಂದ ಹೊರಗೆ ಚಾಚುವಂತೆ ಹಾಸಿ. ಅಗ್ಗದ ಪೇಪರಿಗೆ ಎಣ್ಣೆ ಸವರದಿದ್ದರೆ ಅಂಟುತ್ತದೆ.

ಓಟಿಜಿಯನ್ನು (ಕರೆಂಟಿನ ಪುಟ್ಟ ಓವನ್) 170 ಡಿಗ್ರಿಗೆ ಇಟ್ಟು 15 ನಿಮಿಷವಾದರೂ ಕಾಯಿಸಿ. ಗುಂಡಿಯ ಅಂಕೆಯನ್ನು ನಂಬಬೇಡಿ. ಒಳಗೆ ಇಡುವ ಪುಟ್ಟ ಥರ್ಮಾಮೀಟರ್ ಇದ್ದರೆ 20 ಡಿಗ್ರಿ ಆಚೀಚೆ ಇರುವುದು ಕಣ್ಣಿಗೇ ಕಾಣುತ್ತದೆ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದರೆ ರಾಡ್ ಕೆಂಪಾಗುವುದೇ ಇಲ್ಲ, ಸಮಯ 5–8 ನಿಮಿಷ ಮುಂದೆ ಹೋಗುತ್ತದೆ. ಫ್ಯಾನ್ ಹಾಕುವುದಾದರೆ 155–160 ಸಾಕು. ನಡು ಅಂತಸ್ತಿನಲ್ಲಿ 28–32 ನಿಮಿಷ. 20 ನಿಮಿಷಕ್ಕೇ ಮೇಲೆ ಕಂದಾದರೆ ಫಾಯಿಲ್ ಮುಚ್ಚಿ. ನಡುವೆ ಕರೆಂಟ್ ಹೋದರೆ ಬಾಗಿಲು ಮಾತ್ರ ತೆರೆಯಬೇಡಿ. ಹತ್ತು ನಿಮಿಷದೊಳಗೆ ಬಂದರೆ ಬ್ಲಾಂಡಿಗೆ ಹೆಚ್ಚೇನೂ ಆಗದು, ಇದು ಸ್ಪಾಂಜ್ ಕೇಕಿನಷ್ಟು ನಾಜೂಕಲ್ಲ.

ಬೆಂದಿದೆಯೇ ಎಂದು ಕಡ್ಡಿ ಚುಚ್ಚುವಾಗ ಒಂದು ಮೋಸ ಉಂಟು. ಕಡ್ಡಿ ಆಪಲ್ ಹೋಳಿಗೆ ತಾಗಿದರೆ ಒದ್ದೆಯಾಗಿಯೇ ಬರುತ್ತದೆ. ಅದನ್ನು ನೋಡಿ ಮತ್ತೆ ಐದು ನಿಮಿಷ ಇಟ್ಟವರ ಬ್ಲಾಂಡಿ ಒಣಗುತ್ತದೆ. ಮೂರು ಕಡೆ ಚುಚ್ಚಿ. ಹಸಿ ಹಿಟ್ಟು ಬರಬಾರದು, ಒದ್ದೆ ಪುಡಿ ಅಂಟಿಕೊಂಡು ಬರಬೇಕು. ಅಂಚು ಟಿನ್ನಿನಿಂದ ಕೂದಲೆಳೆಯಷ್ಟು ಬಿಟ್ಟಿರಬೇಕು, ಅಲ್ಲಾಡಿಸಿದರೆ ನಡು ಅಲುಗಬಾರದು. ಟಿನ್ನಿನಲ್ಲೇ ಪೂರ್ತಿ ಆರಬೇಕು. ನಮ್ಮ 30 ಡಿಗ್ರಿ ಸೆಖೆಯಲ್ಲಿ ಅದಕ್ಕೆ ಎರಡು ಗಂಟೆ ಹಿಡಿಯುತ್ತದೆ.

ಗ್ಲೇಜಿಗೆ ನಿಜವಾದ ಮೇಪಲ್ ಸಿರಪ್ ಬೇಕು. ಕೆನಡಾ ಮತ್ತು ಅಮೆರಿಕದ ಈಶಾನ್ಯ ಭಾಗದ ಮೇಪಲ್ ಮರಗಳಿಂದ ಚಳಿಗಾಲ ಮುಗಿಯುವಾಗ ಇಳಿಸುವ ರಸವದು. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಬೆಲೆ ಯಾಕೆ ಅಷ್ಟೆಂದು ಕೇಳುವವರಿಗೆ ಆಲೆಮನೆಯ ಕಬ್ಬಿನ ಹಾಲು ನೆನಪಾದರೆ ಸಾಕು. ಬಾಟಲಿಯ ಹಿಂದೆ ‘ಮೇಪಲ್ ಸಿರಪ್’ ಎಂಬ ಒಂದೇ ಸಾಮಗ್ರಿ ಇರಬೇಕು. ‘ಪ್ಯಾನ್‌ಕೇಕ್ ಸಿರಪ್’ ಎಂದಿದ್ದರೆ ಸಾಮಾನ್ಯವಾಗಿ ಒಳಗಿರುವುದು ಜೋಳದ ಸಿರಪ್ಪು, ಪರಿಮಳ. ಆರಿಸುವ ಅವಕಾಶವಿದ್ದರೆ ‘ಡಾರ್ಕ್’ ದರ್ಜೆ ತನ್ನಿ. ತಿಳಿಬಣ್ಣದ್ದು ದೋಸೆಯ ಮೇಲೆ ಚೆಂದ, ಬೆಣ್ಣೆ–ಸಕ್ಕರೆಯ ನಡುವೆ ಅದರ ರುಚಿ ಸಿಗದು. ಬಾಟಲಿ ತೆರೆದ ಮೇಲೆ ಫ್ರಿಜ್ಜಿನಲ್ಲೇ ಇಡಿ, ಹೊರಗಿಟ್ಟರೆ ಬೂಸ್ಟು ಹಿಡಿಯುತ್ತದೆ.

ಕುದಿಸದೆ ಸಿರಪ್ಪಿಗೆ ಐಸಿಂಗ್ ಶುಗರ್ ಕಲಸುವ ಗ್ಲೇಜ್ ಒಣ ಹವೆಯ ಊರಿಗೆ ಸರಿ. ಇಲ್ಲಿ ಅದು ರಾತ್ರಿ ಕಳೆಯುವುದರೊಳಗೆ ಬೆವರಿ ಬದಿಗೆ ಇಳಿಯುತ್ತದೆ. ಆದ್ದರಿಂದ ಬೆಣ್ಣೆ, ಸಿರಪ್, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿ. ಸಿರಪ್ ಕುದಿಯುವುದೇ ನೀರಿಗಿಂತ ಸುಮಾರು 4 ಡಿಗ್ರಿ ಮೇಲೆ, 104ರಲ್ಲಿ. ಅದು 108 ತಲುಪುವವರೆಗೆ, ಹೆಚ್ಚುಕಡಿಮೆ 3 ನಿಮಿಷ, ಬಿಡಿ. ಮಳೆಗಾಲದಲ್ಲಿ 110. ಈ ಅಂಕೆಗಳು ಸಮುದ್ರಮಟ್ಟದವು; ಮಡಿಕೇರಿಯಲ್ಲಿ ಮಾಡುವವರು 4 ಡಿಗ್ರಿ ಕಳೆಯಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳುಗಳ ನಡುವೆ ಚಿಕ್ಕ ಎಳೆ ಬಂದು ತುಂಡಾಗುವ ಹದ, ಒಂದೆಳೆ ಪಾಕಕ್ಕೆ ಸ್ವಲ್ಪ ಮೊದಲು. ಇಳಿಸಿ ಎರಡು ನಿಮಿಷ ಬಿಟ್ಟು, ಜರಡಿ ಹಿಡಿದ ಐಸಿಂಗ್ ಶುಗರ್ ಹಾಕಿ ಕಡೆಯಿರಿ. ಸಕ್ಕರೆಯನ್ನು ಮನೆಯಲ್ಲೇ ಪುಡಿ ಮಾಡಿದ್ದರೆ ಒಂದು ಚಮಚ ಕಾರ್ನ್‌ಫ್ಲೋರ್ ಬೆರೆಸಿ. ಗ್ಲೇಜ್ ಬೆಚ್ಚಗಿರಬೇಕು, ಬ್ಲಾಂಡಿ ಆರಿರಬೇಕು. ಬಿಸಿ ಬ್ಲಾಂಡಿಯ ಮೇಲೆ ಸುರಿದರೆ ಹೀರಿಕೊಂಡು ಮಾಯ. ಕೈ ತಡವಾಗಿ ಗಟ್ಟಿಯಾದರೆ ಒಂದು ಚಮಚ ಬಿಸಿನೀರು, ಅಷ್ಟೇ.

ಮೇಪಲ್ ಸಿಗದಿದ್ದರೆ ಒಂದು ಉಪಾಯ. ಮೆಂತೆಗೂ ಮೇಪಲ್‌ಗೂ ಪರಿಮಳದ ನಂಟುಂಟು. ಸೋಟೋಲಾನ್ ಎಂಬ ವಸ್ತು ಮೆಂತೆಯಲ್ಲಿದೆ, ಕೃತಕ ಮೇಪಲ್ ಸಿರಪ್ಪಿಗೆ ಘಮ ಕೊಡುವುದೂ ಅದೇ. 80 ಮಿಲಿ ಜೋನಿ ಬೆಲ್ಲಕ್ಕೆ ಹದವಾಗಿ ಹುರಿದ ಹತ್ತು ಮೆಂತೆಕಾಳು ಹಾಕಿ ಬಿಸಿ ಮಾಡಿ, ಐದು ನಿಮಿಷ ಬಿಟ್ಟು ಸೋಸಿ. ಕಾಳು ಕೆಂಪಾದರೆ, ಅಥವಾ ಹತ್ತು ಹೋಗಿ ಇಪ್ಪತ್ತಾದರೆ, ಕಹಿ. ಇದನ್ನು ಮೇಪಲ್ ಎಂದು ಹೇಳಿ ಬಡಿಸಬೇಡಿ, ಇದಕ್ಕೇ ಒಂದು ರುಚಿ ಉಂಟು.

ಮೊಟ್ಟೆ ಬೇಡದವರು ನೀರು ಸೋಸಿದ ಗಟ್ಟಿ ಮೊಸರು 60 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 60 ಗ್ರಾಂ ಹಾಕಿ ಸಕ್ಕರೆಯನ್ನು 160ಕ್ಕೆ ಇಳಿಸಿ. ಬಿರಿದ ಮೇಲ್ಪದರ ಬರುವುದಿಲ್ಲ, ಗ್ಲೇಜಿನ ಕೆಳಗೆ ಅದು ಕಾಣುವುದೂ ಇಲ್ಲ.

ಗ್ಲೇಜ್ ಹಾಕಿದ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಪ್ರತಿ ಸಲ ಚಾಕು ಒರೆಸಿ 16 ತುಂಡು ಮಾಡಿ. ಆಪಲ್ ಇರುವುದರಿಂದ ಹೊರಗೆ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಫ್ರೀಜರಿನಲ್ಲಿ ಇಡುವುದಾದರೆ ಗ್ಲೇಜ್ ಹಾಕದೆ ಇಡಿ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಕೂಡಲೇ ತೆರೆದರೆ ಹೊರಗಿನ ತೇವ ತಣ್ಣನೆಯ ಗ್ಲೇಜಿನ ಮೇಲೆ ಹನಿಯಾಗಿ ಕೂರುತ್ತದೆ. ಮುಚ್ಚಳ ಹಾಕಿದ ಹಾಗೆಯೇ 40 ನಿಮಿಷ ಹೊರಗಿಟ್ಟು, ಡಬ್ಬಿಯ ಮೈ ಬೆವರಿ ಒಣಗಿದ ಮೇಲೆ ತೆರೆಯಿರಿ.