ಹಳೇ ಮಾರುತಿ 800ರ ಪಿಕಪ್ ಹೋಗಿದೆಯೇ? ಕಾರ್ಬೊರೇಟರ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಆಕ್ಸಿಲೇಟರ್ ಒತ್ತಿದಾಗ ಗಾಡಿ ತಡವರಿಸಿದರೆ, ಜರ್ಕ್ ಹೊಡೆದರೆ ಗ್ಯಾರೇಜಿನಲ್ಲಿ ಮೊದಲು ಕೈ ಹೋಗುವುದು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬೊರೇಟರಿಗೆ. ಬಿಚ್ಚಿ, ತೊಳೆದು, ಏರ್ ಹೊಡೆದು, ಹೊಸ ಕಿಟ್ ಹಾಕುತ್ತಾರೆ. ತೊಂದರೆ ಇದ್ದದ್ದು ಟ್ಯಾಂಕಿನ ಮುಚ್ಚಳದಲ್ಲೋ ಡೆಲ್ಕೋದಲ್ಲೋ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಆದರೆ ನಾಲ್ಕು ದಿನಕ್ಕೆ ಮತ್ತೆ ಅದೇ ಪಾಡು. ಕಾರ್ಬೊರೇಟರ್ ಬಿಚ್ಚುವುದು ಕೊನೆಯ ಕೆಲಸ. ಅದಕ್ಕೂ ಮುಂಚಿನ ಪರೀಕ್ಷೆಗಳಿಗೆ ಸ್ಪ್ಯಾನರ್, ಟಾರ್ಚ್, ಒಂದು ಗಾಜಿನ ಬಾಟಲಿ ಇದ್ದರೆ ಸಾಕು. ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬರುವ ಮುಂಚಿನ 796 ಸಿಸಿ, ಮೂರು ಸಿಲಿಂಡರಿನ ಗಾಡಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಅದೇ ಎಂಜಿನ್ನಿನ ಹಳೇ ಓಮ್ನಿಗೂ ಬಹುಪಾಲು ಹೊಂದುತ್ತದೆ.

ಯಾವಾಗ ತಡವರಿಸುತ್ತದೆ?

ಸ್ಪ್ಯಾನರ್ ಹಿಡಿಯುವ ಮುಂಚೆ ಗಾಡಿ ಓಡಿಸಿ ನೋಡಿ. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಮಾತ್ರ ಒಂದು ಕ್ಷಣ ಸತ್ತಂತಾಗಿ ಆಮೇಲೆ ಚೆನ್ನಾಗಿ ಎಳೆದರೆ ಆಕ್ಸಿಲೇಟರ್ ಪಂಪ್ (ಪೆಡಲ್ ಒತ್ತಿದಾಗ ಒಂದಿಷ್ಟು ಹೆಚ್ಚು ಪೆಟ್ರೋಲ್ ಚಿಮ್ಮಿಸುವ, ಕಾರ್ಬೊರೇಟರಿನ ಪುಟ್ಟ ಪಂಪ್) ಅಥವಾ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತ ಬಳಸಿ ಕಿಡಿಯನ್ನು ಸ್ವಲ್ಪ ಬೇಗ ಹಾರಿಸುವ ಭಾಗ) ಕೆಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಊರೊಳಗೆ ಸರಿಯಿದ್ದು, ಹೈವೇಯಲ್ಲಿ ನಾಲ್ಕನೇ ಗೇರಿನಲ್ಲೋ ಘಾಟಿ ಹತ್ತುವಾಗಲೋ ಉಸಿರು ಕಟ್ಟಿದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ: ಫಿಲ್ಟರ್, ಪಂಪ್, ಟ್ಯಾಂಕಿನ ಮುಚ್ಚಳ, ಮೇನ್ ಜೆಟ್ (ಜೆಟ್ ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ನೋಡಿ. ಸ್ಲೋ ಸ್ಪೀಡ್ (ಆಕ್ಸಿಲೇಟರ್ ಒತ್ತದಾಗಿನ ಓಟ) ನಿಲ್ಲದೆ ಆಫ್ ಆಗುತ್ತದೆ, ರೇಸ್ ಕೊಟ್ಟರೆ ಸರಿ ಎಂದರೆ ಸ್ಲೋ ಜೆಟ್ ಕಟ್ಟಿಕೊಂಡಿರಬೇಕು ಅಥವಾ ಗಾಳಿ ಸೋರಿಕೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಚೋಕ್ (ಗಾಳಿ ಕಡಿಮೆ ಮಾಡುವ ಮುಚ್ಚಳ) ಪೂರ್ತಿ ತೆರೆಯುತ್ತಿಲ್ಲ ಅಥವಾ ಫ್ಲೋಟ್ ನೀಡಲ್ (ಕಾರ್ಬೊರೇಟರಿನ ಬಟ್ಟಲು, ಅಂದರೆ ಫ್ಲೋಟ್ ಬೌಲ್, ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಸೂಜಿ) ಮುಚ್ಚಿಕೊಳ್ಳುತ್ತಿಲ್ಲ.

ಮೊದಲು ಕಿಡಿ

ಕಿಡಿ ದುರ್ಬಲವಾಗಿದ್ದರೆ ಅದೂ ಪೆಟ್ರೋಲ್ ಕೊರತೆಯಂತೆಯೇ ಕಾಣುತ್ತದೆ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಿಸ್ಕತ್ ಬಣ್ಣವಿದ್ದರೆ ಒಳ್ಳೆಯದು. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ. ಮೂರರಲ್ಲಿ ಒಂದು ಮಾತ್ರ ಬೇರೆಯಾಗಿದ್ದರೆ ಕಾರ್ಬೊರೇಟರನ್ನು ದೂರಬೇಡಿ, ಆ ಸಿಲಿಂಡರಿನ ಪ್ಲಗ್, ವೈರ್, ವಾಲ್ವ್ ನೋಡಿ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ. ಸಿಬಿ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ, ಡೆಲ್ಕೋದೊಳಗಿನ ಸಂಪರ್ಕ) ಇರುವ ಗಾಡಿಯಾದರೆ ಅದರ ಗ್ಯಾಪ್ 0.4ರಿಂದ 0.5 ಮಿ.ಮೀ.

ವ್ಯಾಕ್ಯೂಮ್ ಅಡ್ವಾನ್ಸನ್ನು ಹೆಚ್ಚಿನವರು ಮುಟ್ಟಿಯೇ ನೋಡುವುದಿಲ್ಲ. ಡೆಲ್ಕೋ ಪಕ್ಕದ ತಟ್ಟೆಯಂಥ ಡಬ್ಬಿಗೆ ಕಾರ್ಬೊರೇಟರಿನಿಂದ ಸಣ್ಣ ಹೋಸ್ ಬಂದಿರುತ್ತದೆ. ಕಾರ್ಬೊರೇಟರ್ ಕಡೆಯ ತುದಿ ಕಳಚಿ, ಒರೆಸಿ, ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ. ಡೆಲ್ಕೋ ಕ್ಯಾಪ್ ತೆಗೆದು ನೋಡಿದರೆ ಒಳಗಿನ ಪ್ಲೇಟ್ ತಿರುಗಿ ಹಾಗೇ ನಿಂತಿರಬೇಕು. ಗಾಳಿ ಸಲೀಸಾಗಿ ಬಂದುಬಿಟ್ಟರೆ ಡಯಾಫ್ರಾಂ (ಒಳಗಿನ ರಬ್ಬರ್ ಪೊರೆ) ಹರಿದಿದೆ. ಹೊರಡುವಾಗಿನ ತಡವರಿಕೆಗೆ ಇದೊಂದೇ ಕಾರಣವಾಗಿದ್ದ ಗಾಡಿಗಳು ಬೇಕಾದಷ್ಟಿವೆ.

ಟ್ಯಾಂಕಿನಿಂದ ಪಂಪಿನವರೆಗೆ

ಇಲ್ಲಿಂದ ಮುಂದೆ ಪೆಟ್ರೋಲ್ ಕೈಗೆ ತಾಗುವ ಕೆಲಸ. ಬಯಲಲ್ಲಿ, ಎಂಜಿನ್ ತಣ್ಣಗಿರುವಾಗ ಮಾಡಿ. ಹತ್ತಿರ ಬೀಡಿ, ಸ್ಟವ್, ಉರಿಯುವ ಬಲ್ಬ್ ಬೇಡ, ಒಂದು ಬಕೆಟ್ ಮರಳು ಇರಲಿ.

ಹದಿನೈದಿಪ್ಪತ್ತು ನಿಮಿಷ ಓಡಿದ ಮೇಲೆ ಗಾಡಿ ಸೊರಗುತ್ತದೆ, ನಿಲ್ಲಿಸಿ ಸ್ವಲ್ಪ ಬಿಟ್ಟರೆ ಸರಿಹೋಗುತ್ತದೆ ಎಂದಾದರೆ, ಸೊರಗಿದ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ, ಪಂಪ್ ನಿರ್ವಾತದ ವಿರುದ್ಧ ಎಳೆಯುತ್ತಿದೆ.

ಪೆಟ್ರೋಲ್ ಫಿಲ್ಟರ್ ಅಗ್ಗದ್ದು, ಸಂಶಯವಿದ್ದರೆ ಬದಲಾಯಿಸಿ. ಬಾಣದ ಗುರುತು ಕಾರ್ಬೊರೇಟರ್ ಕಡೆಗಿರಲಿ. ಹಳೆಯದನ್ನು ಬಿಳಿ ಬಟ್ಟೆಯ ಮೇಲೆ ಹಿಮ್ಮುಖವಾಗಿ ಸುರಿದು ನೋಡಿ: ಕೆಂಪು ಪುಡಿ ಬಿದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ, ಕಪ್ಪು ಚೂರು ಬಿದ್ದರೆ ಹೋಸ್ ಒಳಗಿನಿಂದ ಕರಗುತ್ತಿದೆ.

ಪಂಪ್ ಪರೀಕ್ಷೆಗೆ ಕಾರ್ಬೊರೇಟರಿಗೆ ಬರುವ ಹೋಸ್ ಕಳಚಿ ಬಾಟಲಿಗೆ ಇಳಿಬಿಡಿ. ಇಗ್ನಿಷನ್ ಕಾಯಿಲ್‌ನ ಸಣ್ಣ ವೈರನ್ನೂ ಕಳಚಿರಬೇಕು, ಇಲ್ಲದಿದ್ದರೆ ಪೆಟ್ರೋಲಿನ ಪಕ್ಕದಲ್ಲೇ ಕಿಡಿ ಹಾರುತ್ತದೆ. ಇನ್ನೊಬ್ಬರಿಂದ ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ. ಚಿಮ್ಮಿ ಚಿಮ್ಮಿ ಬರಬೇಕು. ತೊಟ್ಟಿಕ್ಕಿದರೆ ಅಥವಾ ಗುಳ್ಳೆ ಬಂದರೆ, ಪಂಪಿನ ಒಳಬರುವ ಹೋಸನ್ನು ನೇರ ಪೆಟ್ರೋಲ್ ಇರುವ ಬಾಟಲಿಗೆ ಅದ್ದಿ ಮತ್ತೆ ನೋಡಿ. ಈಗ ಚೆನ್ನಾಗಿ ಬಂದರೆ ದೋಷ ಹಿಂದಿನ ಲೈನಿನಲ್ಲಿದೆ. ಆಗಲೂ ಬರದಿದ್ದರೆ ಪಂಪಿನದೇ ದೋಷ. ಆಯಿಲ್ ಡಿಪ್‌ಸ್ಟಿಕ್ಕನ್ನೂ ಮೂಸಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ಏರಿದ್ದರೆ ಪಂಪಿನ ಡಯಾಫ್ರಾಂ ಹರಿದಿರುವ ಸಂಭವವೇ ಹೆಚ್ಚು. ಪಂಪ್, ಆಯಿಲ್ ಎರಡೂ ಬದಲಾಗುವವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ, ಬೇರಿಂಗ್ ಹೋಗುತ್ತವೆ.

ಪೆಟ್ರೋಲೇ ಬದಲಾಗಿದೆ

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ 20 ಪಾಲು ಎಥನಾಲ್. ಈ ಗಾಡಿಗಳು ಅದಕ್ಕಾಗಿ ತಯಾರಾದವಲ್ಲ. ಬರಿ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಜೆಟ್ ಮಾತ್ರ ಹಳೇ ಅಳತೆಯದೇ. ಹಾಗಾಗಿ ಮಿಶ್ರಣ ಮೊದಲೇ ತೆಳುವಾಗಿರುತ್ತದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ). ಅದರ ಮೇಲೆ ಸಣ್ಣ ಗಾಳಿ ಸೋರಿಕೆ ಸೇರಿದರೂ ಎಂಜಿನ್ ತಡವರಿಸುತ್ತದೆ. ಹಳೇ ರಬ್ಬರ್ ಹೋಸ್, ಡಯಾಫ್ರಾಂಗಳು ಎಥನಾಲಿಗೆ ಊದಿಕೊಳ್ಳುತ್ತವೆ, ಬಿರಿಯುತ್ತವೆ. ಹೊಸ ಹೋಸ್ ತರುವಾಗ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನೇ ಕೇಳಿ, ಅಳತೆಗೆ ಹಳೇ ತುಂಡು ಒಯ್ಯಿರಿ.

ಎಥನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಮೊದಲು ಎಳೆಯುವುದು ಅದನ್ನೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೆ ಈ ಪರೀಕ್ಷೆ ತಪ್ಪಿಸಬೇಡಿ: ಟ್ಯಾಂಕಿನ ತಳದಿಂದ ಅರ್ಧ ಲೀಟರ್ ತೆಗೆದು ಗಾಜಿನ ಬಾಟಲಿಯಲ್ಲಿ ಕಾಲು ಗಂಟೆ ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಮೇಲೆ ಹೊಸ ಪೆಟ್ರೋಲ್ ಸುರಿದರೆ ಆಗುವುದಿಲ್ಲ. ಎಥನಾಲ್ ಎಷ್ಟಿದೆ ಎಂದು ತಿಳಿಯಬೇಕಿದ್ದರೆ ಅಳತೆಯ ಗಾಜಿನ ಕೊಳವೆಯಲ್ಲಿ 90 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ನೀರು ಹಾಕಿ ಕುಲುಕಿ, ನಿಲ್ಲಿಸಿ. ಇ20 ಆದರೆ ಕೆಳಗಿನ ಪದರ 28 ಮಿ.ಲೀ. ಆಸುಪಾಸಿಗೆ ಬರುತ್ತದೆ.

ಆಕ್ಸಿಲೇಟರ್ ಪಂಪ್, ಗಾಳಿ ಸೋರಿಕೆ

ಎಂಜಿನ್ ಆಫ್ ಇರುವಾಗ ಏರ್ ಫಿಲ್ಟರ್ ತೆಗೆದು, ಚೋಕ್ ತೆರೆದು, ಟಾರ್ಚ್ ಬಿಟ್ಟು ಕಾರ್ಬೊರೇಟರ್ ಬಾಯೊಳಗೆ ನೋಡುತ್ತಾ ಥ್ರಾಟಲ್ (ಆಕ್ಸಿಲೇಟರ್ ಕೇಬಲ್ ಎಳೆಯುವ ಲಿವರ್) ಎಳೆಯಿರಿ. ಎಳೆದ ಕ್ಷಣವೇ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಬೇಕು. ತಡವಾಗಿ ಬಂದರೆ, ಗೋಡೆಗುಂಟ ಜಿನುಗಿದರೆ ಆಕ್ಸಿಲೇಟರ್ ಪಂಪಿನ ಡಯಾಫ್ರಾಂ ಸೋತಿದೆ ಅಥವಾ ನಳಿಕೆ ಕಟ್ಟಿದೆ. ಏನೂ ಬಾರದಿದ್ದರೆ ಫ್ಲೋಟ್ ಬೌಲೇ ಖಾಲಿಯಿರಬಹುದು.

ಈ ಪರೀಕ್ಷೆ ದಾರಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಬಿಸಿಯಾಗಿ ನಿಂತ ಗಾಡಿಯ ಎಂಜಿನ್ ಒಂದಿಷ್ಟು ಆರಿದ ಕೂಡಲೇ ನೋಡಿ: ಧಾರೆ ಚಿಮ್ಮಿದರೆ ಪೆಟ್ರೋಲ್ ಇದೆ, ದೋಷವನ್ನು ಕಿಡಿಯ ಕಡೆ, ಕಾಯಿಲ್ ಅಥವಾ ಕಂಡೆನ್ಸರ್‌ನಲ್ಲಿ ಹುಡುಕಿ. ಚಿಮ್ಮದಿದ್ದರೆ ಲೈನಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪ್ ಹಿಡಿಯುತ್ತಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ, ಊರಿಗೆ ಮರಳಿದ ಮೇಲೆ ಹೋಸನ್ನು ಸೈಲೆನ್ಸರ್ ಪೈಪಿನಿಂದ ದೂರ ಸರಿಸಿ ಕಟ್ಟಿ.

ಗಾಳಿ ಸೋರಿಕೆಗೆ ಸ್ಲೋ ಸ್ಪೀಡಿನಲ್ಲಿ ಎಂಜಿನ್ ಓಡುತ್ತಿರುವಾಗ ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್, ವ್ಯಾಕ್ಯೂಮ್ ಹೋಸ್‌ಗಳ ಮೇಲೆ ನೀರು ಸ್ಪ್ರೇ ಮಾಡಿ, ವೈರ್‌ಗಳಿಗೆ ತಾಗದಂತೆ. ಎಂಜಿನ್ ಸದ್ದು ಬದಲಾದ ಜಾಗವೇ ಸೋರುವ ಜಾಗ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಎರಚಿ ನೋಡುವುದು ಅಪಾಯ.

ಕೊನೆಗೂ ಬಿಚ್ಚಲೇಬೇಕಾದರೆ

ಜೆಟ್‌ಗಳಿಗೆ ತಂತಿ, ಸೂಜಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನದು, ತೂತು ದೊಡ್ಡದಾದರೆ ಮೈಲೇಜ್ ಹೋಯಿತು. ಕ್ಲೀನರಿನಲ್ಲಿ ನೆನೆಸಿ ಏರ್ ಹೊಡೆದರೆ ಸಾಕು. ಮಿಕ್ಸ್ಚರ್ ಸ್ಕ್ರೂ (ಸ್ಲೋ ಸ್ಪೀಡಿನ ಮಿಶ್ರಣ ಹದ ಮಾಡುವ ಸ್ಕ್ರೂ) ತೆಗೆಯುವ ಮುಂಚೆ ಎಷ್ಟು ಸುತ್ತು ತಿರುಗಿಸಿದರೆ ಒಳಗೆ ಕೂರುತ್ತದೆ ಎಂದು ಎಣಿಸಿ ಬರೆದಿಡಿ, ಅಷ್ಟೇ ಸುತ್ತು ಹೊರಗೆ ತಂದು ಜೋಡಿಸಿ. ಕೂರಿಸುವಾಗ ಬಿಗಿದರೆ ತುದಿ ಗಾಯವಾಗಿ ಸ್ಲೋ ಸ್ಪೀಡ್ ಮತ್ತೆಂದೂ ಹದಕ್ಕೆ ಬರುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಕಾಲು ಸುತ್ತಿನಂತೆ ತಿರುಗಿಸುತ್ತಾ ಆರ್‌ಪಿಎಂ ಅತಿ ಹೆಚ್ಚಾಗುವ ಜಾಗ ಹುಡುಕಿ, ಆಮೇಲೆ ಥ್ರಾಟಲ್ ಸ್ಕ್ರೂನಿಂದ ಸುಮಾರು 900ಕ್ಕೆ ಇಳಿಸಿ.