ನೆಂಟರು ಬರುವ ಮೊದಲೇ ತಲೆಬಿಸಿ ಶುರುವಾಗುವವರಿಗೆ

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿ ಈಸ್ಟಿನಲ್ಲಿ. ಒಂದು ಹಾಲ್, ಒಂದು ಬೆಡ್‌ರೂಮ್, ಒಂದೇ ಬಾತ್‌ರೂಮ್. ಊರು ಉಡುಪಿ ಹತ್ತಿರ. ಹಾಗಾಗಿ ಅತ್ತೆ, ಮಾವ, ನಾದಿನಿಯ ಸಂಸಾರ, ಯಾರಾದರೊಬ್ಬರು ಮತ್ಸ್ಯಗಂಧ ರೈಲು ಹತ್ತಿ ಬಂದೇ ಬರುತ್ತಾರೆ. ಬರಲಿ ಅಂತ ಆಸೆಯೂ ಇದೆ. ಆದರೆ "ಟಿಕೆಟ್ ಆಯ್ತು" ಅಂತ ಫೋನ್ ಬಂದ ಗಳಿಗೆಯಿಂದ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ. ನೀರು ಸಾಕಾಗುತ್ತಾ, ಹಾಸಿಗೆ ಸಾಕಾಗುತ್ತಾ, ಮಾವನಿಗೆ ಸ್ಟೇಷನ್ ಮೆಟ್ಟಿಲು ಹತ್ತಲಿಕ್ಕೆ ಆಗುತ್ತಾ, ಅತ್ತೆ ನಮ್ಮ ಫ್ರಿಡ್ಜ್ ತೆರೆದು ನೋಡಿದರೆ ಏನಂದುಕೊಳ್ಳುತ್ತಾರೆ. ಮೊದಲೆಲ್ಲ ರೈಲು ಟಿಕೆಟ್ 120 ದಿನ ಮುಂಚೆ ತೆಗೆಯಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿಯಿತು. ಬೇರೆಯವರಿಗೆ ಹೇಗೋ ಗೊತ್ತಿಲ್ಲ, ನನಗಂತೂ ಚಿಂತೆ ಮಾಡುವ ದಿನಗಳಲ್ಲಿ ಅರ್ಧ ಉಳಿಯಿತು.

"ಸುಮ್ನೆ ತಲೆಬಿಸಿ ಮಾಡ್ಕೋಬೇಡ" ಅಂತ ಹೇಳುವವರಿಗೆ ಕಡಿಮೆಯಿಲ್ಲ. ಬಿಡಲಿಕ್ಕೆ ಆಗುವ ಹಾಗಿದ್ದರೆ ಯಾವಾಗಲೋ ಬಿಡುತ್ತಿದ್ದೆ ಅಲ್ವಾ? ಈ ಸ್ವಭಾವ ನನಗೆ ಅಮ್ಮನಿಂದ ಬಂದದ್ದು, ಅಮ್ಮನಿಗೆ ಅಜ್ಜಿಯಿಂದ. ಅದನ್ನು ಓಡಿಸುವ ಗೋಜಿಗೆ ನಾನು ಹೋಗಿಲ್ಲ. ಅದಕ್ಕೊಂದು ಹೊತ್ತು ಗೊತ್ತು ಮಾಡಿಕೊಟ್ಟಿದ್ದೇನೆ, ಅಷ್ಟೇ.

ಈ ಉಪಾಯ ನನ್ನದಲ್ಲ. ಪರಿಚಯದ ಕೌನ್ಸೆಲರ್ ಒಬ್ಬರು ಹೇಳಿಕೊಟ್ಟದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಅವರ ಜೊತೆಗಾರರು 1983ರಲ್ಲೇ ಇದರ ಬಗ್ಗೆ ಬರೆದಿದ್ದಾರಂತೆ. ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ. ಚಿಂತೆ ಏನಿದ್ದರೂ ಆಗ. ಉಳಿದ ಹೊತ್ತಿನಲ್ಲಿ ಬಂದರೆ "ಆಮೇಲೆ ಬಾ" ಅಂತ ಮುಂದೆ ಹಾಕುವುದು. ಕೇಳಿದಾಗ ನಗು ಬಂತು. ಚಿಂತೆ ಏನು ನಮ್ಮ ಮಾತು ಕೇಳಿ ಬಾಗಿಲಲ್ಲಿ ಕಾಯುತ್ತಾ? ಕಾಯುತ್ತೆ, ಬರೆದಿಟ್ಟರೆ.

ಗ್ಯಾಸ್ ಒಲೆಯ ಪಕ್ಕ ಹಾಲಿನವನ ಲೆಕ್ಕದ ಚಿಕ್ಕ ಪುಸ್ತಕ ಇದೆ. ಅದನ್ನೇ ಹಿಂದಿನಿಂದ ಬರೆಯುತ್ತಾ ಬಂದೆ. ಪಾತ್ರೆ ತಿಕ್ಕುವಾಗ ಏನಾದರೂ ತಲೆಗೆ ಬಂದರೆ ಕೈ ಒರೆಸಿಕೊಂಡು ಎರಡೇ ಶಬ್ದ. "ಬಾತ್‌ರೂಮ್ ಜಾರುತ್ತೆ." "ಕುಚ್ಚಲಕ್ಕಿ ಇಲ್ಲ." "ಅತ್ತೆ ಬೇಜಾರು?" ರಾತ್ರಿ ಅಡುಗೆಮನೆ ಒರೆಸಿದ ಮೇಲೆ ಅಲ್ಲೇ ಸ್ಟೂಲ್ ಹಾಕಿ ಕೂತು ಒಂದೊಂದನ್ನೇ ತೆಗೆಯುತ್ತೇನೆ. ಒಂದೇ ಪ್ರಶ್ನೆ: ಇದಕ್ಕೆ ನಾಳೆ ಮಾಡುವ ಕೆಲಸ ಏನಾದರೂ ಇದೆಯಾ? ಬಾತ್‌ರೂಮಿಗೆ ರಬ್ಬರ್ ಮ್ಯಾಟ್ ತರಬಹುದು. ಕುಚ್ಚಲಕ್ಕಿ ಮಾಟುಂಗದಲ್ಲಿ ಸಿಗುತ್ತೆ, ಶನಿವಾರ ಹೋದರೆ ಮಂಗಳೂರು ಸೌತೆಯೂ ಆಯಿತು, ಬಾಳೆಎಲೆಯೂ ಆಯಿತು. ಆ ಎರಡಕ್ಕೂ ಗೀಟು ಎಳೆದೆ. "ಅತ್ತೆ ಬೇಜಾರು?" ಅನ್ನುವುದಕ್ಕೆ ಮಾಡುವ ಕೆಲಸವೇ ಇಲ್ಲ. ಅದರ ಮುಂದೆ ಕೂತು ಬೇಕಾದಷ್ಟು ಚಿಂತೆ ಮಾಡುತ್ತೇನೆ, ಹೊತ್ತು ಮುಗಿದಾಗ ಏಳುತ್ತೇನೆ. ಮೊದಮೊದಲು ಅರ್ಧ ಗಂಟೆ ಸಾಲದು ಅನಿಸುತ್ತಿತ್ತು. ಈಗ ಹತ್ತು ನಿಮಿಷಕ್ಕೇ ಆಕಳಿಕೆ.

ಬರೆದದ್ದನ್ನು ಒಟ್ಟಿಗೆ ಓದಿದಾಗ ಇನ್ನೊಂದು ಕಂಡಿತು. ಮುಕ್ಕಾಲು ಪಾಲು ಊಹೆ. ಅವರಿಗೆ ಇದು ಹಿಡಿಸದಿದ್ದರೆ, ಅದು ಸಾಲದಿದ್ದರೆ. ಊಹೆಗಿಂತ ಫೋನ್ ಅಗ್ಗ. ಈಗ ಅವರು ಬರುವುದಕ್ಕೆ ಒಂದು ವಾರ ಮುಂಚೆ ಅತ್ತೆಗೆ ಫೋನ್ ಮಾಡಿ ನೇರವಾಗಿ ಕೇಳುತ್ತೇನೆ: "ಅತ್ತೆ, ಹಾಲ್‌ನಲ್ಲಿ ಮಲಗ್ತೀರಾ, ರೂಮಿನಲ್ಲಾ? ರಾತ್ರಿಗೆ ಗಂಜಿಯಾ, ಚಪಾತಿಯಾ?"

"ರೂಮು ಬೇಡ ಮಾರಾಯ್ತಿ, ನಂಗೆ ಹಾಲೇ ಸಾಕು. ಗಾಳಿ ಬರ್ತದೆ. ನೀನೆಂತ ಅದಕ್ಕೆಲ್ಲ ಇಷ್ಟು ತಲೆಬಿಸಿ ಮಾಡುದು?"

ನಾನು ಬೆಡ್‌ರೂಮ್ ಖಾಲಿ ಮಾಡಿ ಕಪಾಟು ಸರಿಸುವ ಯೋಜನೆ ಹಾಕಿದ್ದೆ! ಸಂಕೋಚ ಆಗುತ್ತೆ, ನಿಜ. "ಇಷ್ಟೂ ಗೊತ್ತಾಗಲ್ವಾ ಸೊಸೆಗೆ" ಅಂದುಕೊಳ್ಳಬಹುದು. ಅಂದುಕೊಳ್ಳಲಿ, ಕಪಾಟು ಸರಿಸುವುದಕ್ಕಿಂತ ಅದು ಹಗುರ.

ಬಂದವರಿಗೆ ಕೆಲಸ ಕೊಡುವುದು ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ನೆಂಟರನ್ನು ಕೂರಿಸಿ ಉಪಚಾರ ಮಾಡಬೇಕು ಅಂತ ನಮ್ಮಲ್ಲಿ ಇದೆ. ಆದರೆ ಈ ಚಿಕ್ಕ ಮನೆಯಲ್ಲಿ ಸುಮ್ಮನೆ ಕೂತವರ ಕಣ್ಣು ನಮ್ಮ ಬೆನ್ನ ಮೇಲೇ ಇರುತ್ತೆ. ಅದಕ್ಕೆ ಬಂದ ಮರುದಿನವೇ ಕಾಯಿ ತುರಿಯುವುದು, ಸೊಪ್ಪು ಬಿಡಿಸುವುದು, ಸಾಂಬಾರಿನ ಮಸಾಲೆ ಹುರಿಯುವುದು ಅತ್ತೆಯ ಪಾಲಿಗೆ. ಕೆಳಗೆ ಕೂತರೆ ಅವರಿಗೆ ಮಂಡಿ ನೋವು, ಹಾಗಾಗಿ ಕಾಯಿ, ಸೊಪ್ಪು ಊಟದ ಮೇಜಿನ ಮೇಲೇ ಇಟ್ಟುಕೊಡುತ್ತೇನೆ. ಅವರು ಕೊತ್ತಂಬರಿ ಹುರಿಯುತ್ತಾ ಊರಿನ ಸುದ್ದಿ ಹೇಳುತ್ತಾರೆ, ನಾನು ಡಬ್ಬಿ ಕಟ್ಟುತ್ತೇನೆ. ನನ್ನ ಫ್ರಿಡ್ಜ್ ಈಗ ಅವರ ಫ್ರಿಡ್ಜ್. ಏನಂದುಕೊಳ್ಳುತ್ತಾರೆ ಅನ್ನುವ ಪ್ರಶ್ನೆಯೇ ಇಲ್ಲ, ಒಳಗೆ ಇಟ್ಟವರೇ ಅವರು! ಮಾವನಿಗೆ ಹಾಲು ಮತ್ತು ಪೇಪರ್ ತರುವ ಕೆಲಸ. ಕೆಳಗೆ ಹೋದವರು ವಾಚ್‌ಮನ್ ಹತ್ತಿರ ತುಳು ಬೆರೆಸಿದ ಹಿಂದಿಯಲ್ಲಿ ಮಾತಾಡಿ, ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಊರಿನವರೊಬ್ಬರನ್ನು ಹಿಡಿದು, ಎರಡನೇ ಚಹಾ ಮುಗಿಸಿಯೇ ಮೇಲೆ ಬರುವುದು. ಅಷ್ಟು ಹೊತ್ತು ಬಾತ್‌ರೂಮ್ ಖಾಲಿ. ಇದು ಚಿಕ್ಕ ಲಾಭ ಅಲ್ಲ.

ರೈಲು ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡುವುದು ನಮ್ಮವರ ಕೆಲಸ. ನನ್ನ ಫೋನಿನಿಂದ ಆ ಆಪ್ ತೆಗೆದಿದ್ದೇನೆ. ರತ್ನಾಗಿರಿಯಲ್ಲಿ ನಿಂತಿದೆ ಅಂತ ಗೊತ್ತಾದರೆ ನಾನೇನು ತಳ್ಳಲಿಕ್ಕೆ ಆಗುತ್ತಾ? ಮಳೆಗಾಲದಲ್ಲಂತೂ ಕೊಂಕಣ ರೈಲಿಗೆ ವೇಳಾಪಟ್ಟಿಯೇ ಬೇರೆ, ನಿಧಾನವಾಗಿ ಓಡಿಸುತ್ತಾರೆ. ಅವರನ್ನು ಕೊನೆಯ ಸ್ಟೇಷನ್ ಕುರ್ಲಾದವರೆಗೆ ಬಿಡದೆ ಠಾಣೆಯಲ್ಲೇ ಇಳಿಸಿಕೊಳ್ಳುತ್ತೇವೆ. ರೈಲು ತಡವಾಗಿ ಆಫೀಸ್ ಹೊತ್ತಾದರೂ ತೊಂದರೆಯಿಲ್ಲ. ಬೆಳಿಗ್ಗೆ ನೂಕುನುಗ್ಗಲು ಇರುವುದು ಮುಂಬೈ ಒಳಗೆ ಸಿಎಸ್‌ಎಂಟಿ ಸ್ಟೇಷನ್ ಕಡೆಗೆ. ನಮ್ಮ ಕಲ್ಯಾಣ ಕಡೆಯ ಲೋಕಲ್‌ನಲ್ಲಿ ಬ್ಯಾಗಿಗೂ ಜಾಗ ಸಿಗುತ್ತೆ. ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಚಿಂತೆ ಮಾಡುವಾಗ ಮಾತ್ರ ನೆನಪಾಗುವುದಿಲ್ಲ. ಅದಕ್ಕೇ ಪುಸ್ತಕದಲ್ಲಿ ಅದನ್ನೂ ಬರೆದಿಟ್ಟಿದ್ದೇನೆ.

ತಿರುಗಾಟಕ್ಕೆ ದಿನಕ್ಕೊಂದೇ ಜಾಗ. ಸೋಮವಾರ ಎಲಿಫೆಂಟಾ ಗುಹೆ ಮುಚ್ಚಿರುತ್ತೆ, ಬುಧವಾರ ರಾಣಿಬಾಗ್ ಮೃಗಾಲಯ, ಮಂಗಳವಾರ ಸಿದ್ಧಿವಿನಾಯಕನಲ್ಲಿ ಕಾಲಿಡಲಿಕ್ಕೆ ಜಾಗವಿಲ್ಲ. ಇಷ್ಟು ನೋಡಿಕೊಂಡರೆ ಉಳಿದದ್ದು ಅವರ ಕಾಲು ಹೇಳಿದ ಹಾಗೆ.

ಇದೆಲ್ಲ ನನ್ನಂಥ ಮಾಮೂಲಿ ತಲೆಬಿಸಿಯವರ ಮಾತು. ನಿದ್ದೆಯೇ ಬರುವುದಿಲ್ಲ, ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ, ಯಾರೂ ಬರದ ದಿನವೂ ಹೀಗೇ ಅನ್ನುವವರು ಡಾಕ್ಟರ್ ಹತ್ತಿರ ಹೋಗಬೇಕು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರಿಂದ ನಡೆಯುತ್ತಿದೆ, ದುಡ್ಡಿಲ್ಲ, ಭಾಷೆ ಆರಿಸಿಕೊಂಡು ಮಾತಾಡಬಹುದು.

ಹೊರಡುವ ದಿನಕ್ಕೆ ಬೇರೆಯೇ ಚಿಂತೆ. ವಾಪಸ್ ಗಾಡಿ ಮಧ್ಯಾಹ್ನ. ಭಾನುವಾರವಾದರೆ ಲೋಕಲ್‌ಗಳಿಗೆ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಓಡಾಟ ನಿಲ್ಲಿಸುವುದು, ಇರಬಹುದು. ಹಾಗಾಗಿ ಭಾನುವಾರದ ಟಿಕೆಟ್ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಊಟಕ್ಕೆ ಚಪಾತಿ, ಬಟಾಟೆ ಪಲ್ಯ ಕಟ್ಟಿಕೊಡುತ್ತೇನೆ. ಮೊಸರನ್ನ ಬೇಡ ಅಂತ ಅತ್ತೆ ಫೋನಿನಲ್ಲೇ ಹೇಳಿದ್ದಾರೆ.