ಎರಡು ದರಪಟ್ಟಿ, ಒಂದೇ ಸಾಲು: ಜೆ ಭಾಷೆಯಲ್ಲಿ ಷರತ್ತಿನ ಆಯ್ಕೆ

ಗಂಗಾವತಿಯಲ್ಲಿ ಒಣ ಭತ್ತಕ್ಕೆ ಒಂದು ದರ, ಹಸಿ ಭತ್ತಕ್ಕೆ ಇನ್ನೊಂದು. ಬೆಂಬಲ ಬೆಲೆ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17 ಮೀರುವಂತಿಲ್ಲ. ಇಲ್ಲೂ ಅದನ್ನೇ ಗಡಿಯಾಗಿ ಇಟ್ಟುಕೊಳ್ಳೋಣ. ಐದು ಲಾಟ್‌ಗಳಿವೆ, ಒಂದೊಂದಕ್ಕೂ ಚೀಲದ ಒಣ ದರ, ಹಸಿ ದರ ಎರಡೂ ಬರೆದಿಟ್ಟಿದೆ (ಅಂಕಿಗಳು ಉದಾಹರಣೆಗೆ ಮಾತ್ರ). ಯಾವ ಲಾಟ್‌ಗೆ ಯಾವ ದರ ಎಂದು ಆರಿಸಬೇಕು. ಎಕ್ಸೆಲ್‌ನಲ್ಲಾದರೆ ‘ಇಫ್’ ಸೂತ್ರ ಬರೆದು ಕೆಳಗೆ ಎಳೆಯುತ್ತೇವೆ. ಕೆನೆತ್ ಐವರ್ಸನ್ ಮತ್ತು ರೋಜರ್ ಹುಯ್ 1990ರಲ್ಲಿ ರೂಪಿಸಿದ ಜೆ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಒಂದೇ ಸಾಲಿನ ಕೆಲಸ. ಭಾಷೆ ಉಚಿತ, ಮಾಮೂಲಿ ಕೀಬೋರ್ಡ್ ಸಾಕು.

ಹಂತ 1. ಷರತ್ತನ್ನು ಐದೂ ಲಾಟ್‌ಗಳ ತೇವಾಂಶದ ಇಡೀ ಪಟ್ಟಿಗೆ ಒಮ್ಮೆಲೇ ಹಾಕಿ.

17 < 15 18 17 21 16
0 1 0 1 0

ಮೇಲಿನದು ನಾವು ಬರೆದದ್ದು, ಕೆಳಗಿನದು ಉತ್ತರ. ಸುಳ್ಳಿಗೆ 0, ನಿಜಕ್ಕೆ 1. ಸರಿಯಾಗಿ 17 ಇರುವ ಮೂರನೇ ಲಾಟ್ ಒಣ ಲೆಕ್ಕಕ್ಕೇ ಬಂದಿದೆ. ಅದನ್ನೂ ಹಸಿಗೆ ಸೇರಿಸಬೇಕಿದ್ದರೆ < ಬದಲು <: ಬರೆಯಿರಿ.

ಹಂತ 2. ಎರಡು ದರಪಟ್ಟಿಗಳನ್ನು ,: ಚಿಹ್ನೆಯಿಂದ ಒಂದರ ಕೆಳಗೊಂದು ಜೋಡಿಸಿ.

1800 1850 1820 1790 1840 ,: 1700 1720 1710 1640 1730

ಬರೀ ಅಲ್ಪವಿರಾಮ ಹಾಕಿದರೆ ಹತ್ತು ಅಂಕಿಗಳ ಒಂದೇ ಉದ್ದ ಸಾಲಾಗುತ್ತದೆ, ಮುಂದಿನ ಹಂತ ದೋಷ ತೋರಿಸಿ ನಿಲ್ಲುತ್ತದೆ.

ಹಂತ 3. ಷರತ್ತನ್ನು ಆವರಣದಲ್ಲಿಟ್ಟು, ಪಕ್ಕದಲ್ಲಿ } ಹಾಕಿ, ಆಮೇಲೆ ಕೋಷ್ಟಕ ಬರೆಯಿರಿ.

(17 < 15 18 17 21 16) } 1800 1850 1820 1790 1840 ,: 1700 1720 1710 1640 1730
1800 1720 1820 1640 1840

ಷರತ್ತು 0 ಆದ ಲಾಟ್‌ಗೆ } ಮೇಲಿನ ಸಾಲಿನ ದರ, 1 ಆದದ್ದಕ್ಕೆ ಕೆಳಗಿನ ಸಾಲಿನ ದರ ಆರಿಸಿದೆ. ಆವರಣ ಮರೆತರೆ } ತನ್ನ ಎಡಕ್ಕಿರುವ ತೇವಾಂಶದ ಅಂಕಿಗಳನ್ನೇ ಸಾಲಿನ ಸಂಖ್ಯೆ ಎಂದು ತಿಳಿಯುತ್ತದೆ. ಎರಡೇ ಸಾಲಿನ ಕೋಷ್ಟಕದಲ್ಲಿ 15ನೇ ಸಾಲು ಎಲ್ಲಿಂದ ಬರಬೇಕು? ದೋಷ ಖಚಿತ.

ದೋಷ ಬಂದರೆ ಒಳ್ಳೆಯದೇ, ಗೊತ್ತಾದರೂ ಆಗುತ್ತದೆ. ಸದ್ದಿಲ್ಲದೆ ಲೆಕ್ಕ ಕೆಡಿಸುವ ಎರಡು ಜಾಗಗಳು ಬೇರೆ ಇವೆ. ಮೊದಲನೆಯದು ಸಾಲುಗಳ ಕ್ರಮ. ಎಕ್ಸೆಲ್‌ನ ‘ಇಫ್’ನಲ್ಲಿ ಷರತ್ತು ನಿಜವಾದಾಗಿನ ಬೆಲೆ ಮೊದಲು, ಸುಳ್ಳಾದಾಗಿನದು ಆಮೇಲೆ. ಇಲ್ಲಿ ಉಲ್ಟಾ: ಮೇಲಿನ ಸಾಲು 0ನೆಯದು, ಅಂದರೆ ಸುಳ್ಳಿನದು, ಕೆಳಗಿನದು ನಿಜದ್ದು. ಅದಲುಬದಲಾದರೆ ಹಸಿ ಭತ್ತಕ್ಕೆ ಒಣ ದರ ಬೀಳುತ್ತದೆ, ಜೆ ತುಟಿ ಪಿಟಕ್ಕೆನ್ನುವುದಿಲ್ಲ. ಎರಡನೆಯದು ಉದ್ದ. ಒಂದು ಪಟ್ಟಿಯಲ್ಲಿ ಒಂದು ದರ ಬಿಟ್ಟುಹೋದರೆ ,: ತಕರಾರು ತೆಗೆಯದೆ ಕೊನೆಗೆ ಸೊನ್ನೆ ತುಂಬಿ ಸರಿಮಾಡುತ್ತದೆ. ಉಳಿದ ದರಗಳೂ ಒಂದೊಂದು ಮನೆ ಮುಂದಕ್ಕೆ ಸರಿದಿರಬಹುದು. ಆದ್ದರಿಂದ ಜೋಡಿಸುವ ಮೊದಲು ಎರಡೂ ಪಟ್ಟಿಗಳನ್ನು # ಹಾಕಿ ಎಣಿಸಿಕೊಳ್ಳಿ.

ತೀರಾ ಹಸಿ ಭತ್ತಕ್ಕೆ ಮೂರನೇ ದರವಿದ್ದರೆ? ಎರಡು ಷರತ್ತುಗಳನ್ನು ಕೂಡಿದರಾಯಿತು.

(17 < 15 18 17 21 16) + 20 < 15 18 17 21 16
0 1 0 2 0

ಶೇ 20 ಮೀರಿದ ಲಾಟ್ ಎರಡೂ ಷರತ್ತಿಗೆ ಸಿಕ್ಕಿ 2 ಆಯಿತು, ಅಂದರೆ ಮೂರನೇ ಸಾಲು. ಈ ಇಡೀ ಮೊತ್ತವನ್ನು ಆವರಣದಲ್ಲಿಟ್ಟು } ಹಚ್ಚಿ. ಕೋಷ್ಟಕ ಕಟ್ಟುವಾಗ ,: ಬರಬೇಕಾದ್ದು ಕೊನೆಯ ಎರಡು ಪಟ್ಟಿಗಳ ನಡುವೆ ಮಾತ್ರ, ಮೊದಲನೆಯದಕ್ಕೆ ಬರೀ ಅಲ್ಪವಿರಾಮ ಸಾಕು. ಜೆ ಬಲದಿಂದ ಎಡಕ್ಕೆ ಓದುವುದರಿಂದ ಮೊದಲು ಎರಡು ಸಾಲಿನ ಕೋಷ್ಟಕ ಸಿದ್ಧವಾಗಿ, ಅದರ ತಲೆಯ ಮೇಲೆ ಮೊದಲ ಪಟ್ಟಿ ಕೂರುತ್ತದೆ.

ಷರತ್ತನ್ನು ಒಂದು ಪಟ್ಟಿಗೆ, ಅದರ ವಿರುದ್ಧವನ್ನು ಇನ್ನೊಂದಕ್ಕೆ ಗುಣಿಸಿ ಕೂಡಿಸುವ ಹಳೆಯ ಉಪಾಯವೂ ಉಂಟು. ಅಂಕಿಗಳಿಗೆ ಅದು ನಡೆಯುತ್ತದೆ, ಅಕ್ಷರಗಳಿಗೆ ನಡೆಯದು. } ಎರಡಕ್ಕೂ ಆಗುತ್ತದೆ, ನಮ್ಮ ಆಯ್ಕೆ ಅದೇ. ಆದರೆ ಕನ್ನಡ ಪದಗಳಿದ್ದರೆ ಒಂದೊಂದನ್ನೂ ಅರ್ಧವಿರಾಮದಿಂದ ಬೇರೆ ಬೇರೆ ಪೆಟ್ಟಿಗೆಗೆ ಹಾಕಿ:

0 1 0 } ('ಒಣ';'ಒಣ';'ಒಣ') ,: 'ಹಸಿ';'ಹಸಿ';'ಹಸಿ'

ಪೆಟ್ಟಿಗೆ ಇಲ್ಲದಿದ್ದರೆ ಜೆ ಪಠ್ಯವನ್ನು ಬೈಟ್ ಬೈಟ್ ಆಗಿ ಎಣಿಸುತ್ತದೆ. ‘ಒಣ’ಕ್ಕೆ 6 ಬೈಟ್, ಗುಣಿತಾಕ್ಷರವಿರುವ ‘ಹಸಿ’ಗೆ 9. ಉದ್ದ ಹೊಂದುವುದಿಲ್ಲ, ಹೊಂದಿಸಿದರೂ ಅಕ್ಷರ ನಡುವೆಯೇ ತುಂಡಾಗುತ್ತದೆ.